ಮೋಡಕ್ಕೆ ಮರ್ಯಾದೆ



ಸಂಘದ ಸಭೆಯಲ್ಲಿ ಚಹದ ಲೋಟ ಕೈಗೆ ಬಂದ ಕೂಡಲೆ ಯಾರಾದರೊಬ್ಬರು ನಮ್ಮ ಕಡೆ ತಿರುಗಿ, “ಏನ್ರಿ, ಇವತ್ತ ಮೋಡ ಹೆಂಗದ?” ಎಂದು ಕೇಳುವುದು ಒಂದು ವಾಡಿಕೆಯೇ ಆಗಿಬಿಟ್ಟಿದೆ. ಸುತ್ತಲಿದ್ದವರು ನಗುತ್ತಾರೆ, ನಾವೂ ನಗುತ್ತೇವೆ. ಹೊಸದಾಗಿ ಪುಣೆಗೆ ಬಂದ ಸದಸ್ಯರಿಗೆ ಮಾತ್ರ ಈ ನಗೆಯ ಮೂಲ ತಿಳಿಯದು. ಅವರ ಸಲುವಾಗಿಯೂ, ನಮ್ಮ ಮನಸ್ಸಿನ ಭಾರ ಇಳಿಸಿಕೊಳ್ಳುವ ಸಲುವಾಗಿಯೂ ಈ ಸಲದ ಟಿಪ್ಪಣಿಯನ್ನು ಆ ಪ್ರಕರಣಕ್ಕೇ ಮೀಸಲಿಟ್ಟಿದ್ದೇವೆ. ಗುಮಾಸ್ತರಾದವರಿಗೆ ಯಾವ ಪ್ರಕರಣವೂ ಕಾಗದದ ಮೇಲೆ ಬರುವ ತನಕ ಮುಗಿದಂತೆ ಅನಿಸುವುದಿಲ್ಲ.

2024ರ ದಸರೆಯ ನಂತರ ಸಂಘದ ಕುಟುಂಬಗಳು ಸೇರಿ ಒಂದು ಗುಡ್ಡ ಹತ್ತಬೇಕೆಂದು ಠರಾವಾಯಿತು. ಏರ್ಪಾಟಿನ ಹೊಣೆ ನಮ್ಮ ಹೆಗಲಿಗೆ ಬಿತ್ತು. ಕಚೇರಿಯಲ್ಲಿ ಹಾಜರಿ ಪುಸ್ತಕ ನೋಡಿಕೊಳ್ಳುವವನು ಗುಡ್ಡದ ಮೇಲೂ ತಲೆ ಎಣಿಸಬಲ್ಲನೆಂದು ಕಾರ್ಯದರ್ಶಿಗಳ ನಂಬಿಕೆ. ಸ್ಥಳ ರಾಜಗಡ. ಅದನ್ನು ಆರಿಸಿದವರು ನಾವಲ್ಲ, ನಮ್ಮ ಮಾಸ್ತರರು.

ಮಾಸ್ತರರಿಗೆ ಆಗ ಎಪ್ಪತ್ತೊಂದು ವರ್ಷ. ಇದೇ ಊರಿನ ಒಂದು ಶಾಲೆಯಲ್ಲಿ ನಮ್ಮ ಮಕ್ಕಳಿಗೆ ಮೂವತ್ತು ವರ್ಷ ಇತಿಹಾಸ ಕಲಿಸಿದವರು. ಶಿವಾಜಿ ಮಹಾರಾಜರ ರಾಜಧಾನಿ ರಾಯಗಡಕ್ಕೆ ಹೋಗುವ ಮೊದಲು ಸುಮಾರು ಕಾಲು ಶತಮಾನ ರಾಜಗಡದಲ್ಲಿತ್ತು ಎಂದು ಕರಿಹಲಗೆಯ ಮೇಲೆ ಬರೆದೂ ಬರೆದೂ ಅವರ ಬೆರಳು ಸವೆದಿದ್ದವು. ಆದರೆ ಆ ಗಡದ ಸಂಜೀವನಿ ಮಾಚಿಯ ಮೇಲೆ ಅವರು ಒಂದು ದಿನವೂ ಕಾಲಿಟ್ಟಿರಲಿಲ್ಲ. ರವಿವಾರವೆಂದರೆ ಮನೆಪಾಠ, ರಜೆಯೆಂದರೆ ಊರು, ಹೀಗೆ ಆಯುಷ್ಯ ಕಳೆದಿತ್ತು. ದೀಪಾವಳಿಯ ಹೊತ್ತಿಗೆ ಅವರು ಮನೆ ಖಾಲಿ ಮಾಡಿ ಗದಗಿನಲ್ಲಿರುವ ಮಗನ ಕಡೆಗೆ ಕಾಯಂ ಆಗಿ ಹೋಗುವವರಿದ್ದರು. “ಮೊಣಕಾಲು ಇದೊಂದು ಸಲ ಹೂಂ ಅಂದಾವು. ಇನ್ನೊಮ್ಮೆ ಅನ್ನೂದಿಲ್ಲ,” ಎಂದು ನಮ್ಮೆದುರು ಹೇಳಿದ್ದರು.

ನೋಡದವರಿಗಾಗಿ ಎರಡು ಮಾತು. ರಾಜಗಡದ ನೆತ್ತಿಯ ಮೇಲೆ ಬಾಲೆಕಿಲ್ಲೆ ಇದೆ. ಅದರ ಬುಡದಿಂದ ಮೂರು ದಿಕ್ಕಿಗೆ ಮೂರು ಬೆನ್ನುಗಳು ಚಾಚಿಕೊಂಡಿವೆ. ಇವನ್ನೇ ಮರಾಠಿಯಲ್ಲಿ ಮಾಚಿ ಎನ್ನುತ್ತಾರೆ. ಪದ್ಮಾವತಿ ಮಾಚಿ ಅಗಲವಾಗಿದ್ದು ಗುಡಿ, ಕೆರೆಗಳಿಂದ ಕೂಡಿದೆ. ಸುವೇಳಾ ಮಾಚಿಯ ಬಂಡೆಯಲ್ಲಿ ಆಚೆಯ ಆಕಾಶ ಕಾಣುವಂಥ ದೊಡ್ಡ ತೂತೊಂದಿದೆ. ಮೂರನೆಯದಾದ ಸಂಜೀವನಿ ಸುಮಾರು ಎರಡೂವರೆ ಕಿಲೋಮೀಟರ್ ಉದ್ದ. ಮೂರು ಹಂತಗಳಾಗಿ ಇಳಿಯುತ್ತ ತೋರಣಗಡದ ಕಡೆಗೆ ಮುಖ ಮಾಡಿ ಹೋಗುತ್ತದೆ. ಇಕ್ಕೆಲದಲ್ಲೂ ಕಣಿವೆ, ನಡುವೆ ಜೋಡಿ ಗೋಡೆಯ ಕೋಟೆ, ಬುರುಜು, ಕಿರಿದಾದ ದಾರಿ. ಮರದ ಮರೆಯಿಲ್ಲ, ಮನೆಯ ಮಾಡಿಲ್ಲ. ಗಾಳಿ, ಬಿಸಿಲು, ಮಳೆ ಯಾವುದು ಬಂದರೂ ಮೊದಲು ತಾಗುವುದು ಅಲ್ಲಿ ನಿಂತವನ ತಲೆಗೆ. 2025ರ ಜುಲೈ ತಿಂಗಳಲ್ಲಿ ಯುನೆಸ್ಕೋದವರು ಮರಾಠರ ಹನ್ನೆರಡು ಕೋಟೆಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ರಾಜಗಡವೂ ಅದರಲ್ಲಿತ್ತು. ಮಾಸ್ತರರು ಆ ಸುದ್ದಿಯನ್ನು ಗದಗಿನಲ್ಲಿ ಓದಿದರು.

ಇನ್ನು ಏರ್ಪಾಟಿನ ವಿಚಾರ. ಅಕ್ಟೋಬರ್ ತಿಂಗಳು ಒಳ್ಳೆಯದೂ ಹೌದು, ಮೋಸದ್ದೂ ಹೌದು. ಮುಂಗಾರು ಹಿಂದೆ ಸರಿಯುವ ಕಾಲ. ಗುಡ್ಡ ಹಸಿರಾಗಿರುತ್ತದೆ, ಬೆಳಗಿನ ಆಕಾಶ ತೊಳೆದ ತಟ್ಟೆಯಂತಿರುತ್ತದೆ. ನೆಲದಲ್ಲಿ ಇನ್ನೂ ಪಸೆ ಇರುತ್ತದೆ. ಬಿಸಿಲು ಏರಿದಂತೆ ಆ ಹಸಿಗಾಳಿ ಕಾಯ್ದು ಮೇಲೇರುತ್ತದೆ. ಸಹ್ಯಾದ್ರಿಯ ಇಳಿಜಾರು ಅದಕ್ಕೆ ಏಣಿ ಹಾಕಿ ಕೊಡುತ್ತದೆ. ಮಧ್ಯಾಹ್ನದ ಎರಡು, ಮೂರು ಗಂಟೆಯ ಹೊತ್ತಿಗೆ ಗುಡುಗು ಮಳೆ. ನಮ್ಮ ಕಡೆಯ ಹಿರಿಯರು ಇದನ್ನು ಚಿತ್ತಾ ಮಳೆ ಎಂದು ಕರೆದು, ಅದರ ಚಿತ್ತ ಯಾರಿಗೂ ತಿಳಿಯದೆಂದು ಕೈಬಿಟ್ಟಿದ್ದರು. ಚಿತ್ತ ತಿಳಿಯದಿದ್ದರೂ ಅದರ ಹೊತ್ತು ತಕ್ಕಮಟ್ಟಿಗೆ ತಿಳಿದಿದೆ. ಬೆಳಿಗ್ಗೆ ಅದು ಬರುವುದು ವಿರಳ, ಮಧ್ಯಾಹ್ನದ ಮೇಲೆ ಬರುವುದೇ ಹೆಚ್ಚು. ಆದ್ದರಿಂದ ಬಯಲು ಬೆನ್ನಿನ ಮೇಲೆ ಹೋಗುವವನು ಮಧ್ಯಾಹ್ನದ ಮೊದಲೇ ಅಲ್ಲಿಂದ ಇಳಿದಿರಬೇಕು. ಏರ್ಪಾಟೆಲ್ಲ ಈ ಒಂದು ಸಾಲಿನಿಂದ ಹಿಂದಕ್ಕೆ ಎಣಿಸುತ್ತ ಬರತಕ್ಕದ್ದು.

ಹವಾಮಾನದ ವಿಷಯದಲ್ಲಿ ಪುಣೆಯವರಾದ ನಮಗೆ ಸ್ವಲ್ಪ ಜಂಬವುಂಟು. 1875ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಭಾರತೀಯ ಹವಾಮಾನ ಇಲಾಖೆ ಸಿಮ್ಲಾಕ್ಕೆ ಹೋಗಿ, 1928ರಲ್ಲಿ ಅಲ್ಲಿಂದ ಪುಣೆಗೆ ಬಂದು, 1944ರಲ್ಲಿ ದಿಲ್ಲಿಗೆ ಹೋಯಿತು. ಶಿವಾಜಿನಗರದ ಆ ಕಟ್ಟಡವನ್ನು ಜನ ಇವತ್ತಿಗೂ ‘ಸಿಮ್ಲಾ ಆಫೀಸ್’ ಎಂದೇ ಕರೆಯುತ್ತಾರೆ. ನಮ್ಮ ಬಸ್ಸು ದಿನಾಲು ಅದರ ಮುಂದೆಯೇ ಹಾಯುತ್ತದೆ. ಅಲ್ಲಿಯವರು ಬರೆಯುವ ‘ಸಾಧ್ಯತೆಯಿದೆ’ ಎಂಬ ಪದವನ್ನು ಕಂಡು ಲೋಕ ನಗಬಹುದು, ನಾವು ನಗುವುದಿಲ್ಲ. ‘ಪರಿಶೀಲಿಸಬಹುದು’ ಎಂದು ಬರೆದು ಬದುಕುವವರಿಗೆ ಆ ಭಾಷೆ ಅರ್ಥವಾಗುತ್ತದೆ. ಅದು ತಪ್ಪಿಸಿಕೊಳ್ಳುವ ಮಾತಲ್ಲ, ತೂಕ ಮಾಡಿದ ಮಾತು.

ಅವರ ಎಚ್ಚರಿಕೆಗೆ ನಾಲ್ಕು ಬಣ್ಣ. ಹಸಿರೆಂದರೆ ಚಿಂತೆಯಿಲ್ಲ. ಹಳದಿಯೆಂದರೆ ಕಣ್ಣಿಟ್ಟಿರಿ. ಕಿತ್ತಳೆಯೆಂದರೆ ಸಿದ್ಧರಾಗಿರಿ. ಕೆಂಪೆಂದರೆ ಕೂಡಲೆ ಕ್ರಮ ಕೈಗೊಳ್ಳಿ. ಜಿಲ್ಲೆಯ ಮುನ್ಸೂಚನೆಯೊಂದನ್ನೇ ನೋಡಿ ಹೊರಡಬಾರದು. ಬಾರಾಮತಿಯ ಒಣ ಬಯಲೂ ಪುಣೆ ಜಿಲ್ಲೆಯೇ, ರಾಜಗಡದ ಕಣಿವೆಯೂ ಪುಣೆ ಜಿಲ್ಲೆಯೇ. ಘಾಟಿನ ಪ್ರದೇಶಕ್ಕೆ ಬೇರೆಯಾಗಿ ಹೇಳಿರುತ್ತಾರೆ, ಅದನ್ನು ಓದಬೇಕು. ಐದು ದಿನ ಮೊದಲು ನೋಡಿದ್ದು ದಿನ ಗೊತ್ತು ಮಾಡಲಿಕ್ಕೆ. ಹಿಂದಿನ ರಾತ್ರಿ ನೋಡುವುದು ಹೋಗಬೇಕೋ ಬೇಡವೋ ಎನ್ನಲಿಕ್ಕೆ. ಗುಡ್ಡದ ಬುಡದಲ್ಲಿ ನೋಡುವುದು ಮುಂದಿನ ಎರಡು-ಮೂರು ತಾಸಿನ ಸಲುವಾಗಿ. ಸಿಡಿಲಿಗಾಗಿ ನಮ್ಮ ಪಾಷಾಣದ ಉಷ್ಣವಲಯ ಹವಾಮಾನ ಸಂಸ್ಥೆಯವರೇ ‘ದಾಮಿನಿ’ ಎಂಬ ಆ್ಯಪ್ ಮಾಡಿದ್ದಾರೆ. ನಾವು ನಿಂತ ಜಾಗದ ಸುತ್ತ 20 ಮತ್ತು 40 ಕಿಲೋಮೀಟರ್ ಒಳಗೆ ಸಿಡಿಲಾಡುತ್ತಿದ್ದರೆ ಅದು ತೋರಿಸುತ್ತದೆ. ಗುಡ್ಡದ ಮೇಲೆ ಫೋನಿಗೆ ಸಿಗ್ನಲ್ ಸಿಕ್ಕರೆ ಎಂಬ ಷರತ್ತು ಮಾತ್ರ ಇದ್ದೇ ಇದೆ.

ಸಿಗ್ನಲ್ ಇಲ್ಲದಾಗ ಕಣ್ಣು, ಕಿವಿ ಉಂಟಲ್ಲ. ಹತ್ತು ಗಂಟೆಗೆ ಹಿಂಜಿದ ಅರಳೆಯಂಥ ಮೋಡ ಬಂದರೆ ಭಯವಿಲ್ಲ. ಹನ್ನೊಂದಕ್ಕೆ ಅದೇ ಮೋಡ ಅಗಲಕ್ಕಿಂತ ಎತ್ತರವಾಗಿ, ಹೂಕೋಸಿನಂತೆ ಒಂದರ ಮೇಲೊಂದು ಗಡ್ಡೆ ಕಟ್ಟುತ್ತಿದ್ದರೆ ಇಳಿಯಲು ತಯಾರಾಗಬೇಕು. ತಳ ಕಪ್ಪಾಗಿ, ತಲೆ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡಿತೆಂದರೆ ಆಗಲೇ ತಡವಾಯಿತು. ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿರಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ. ಬೆನ್ನು ಬಿಟ್ಟು ಇಳಿಯಬೇಕು. ಕೊನೆಯ ಗುಡುಗು ಕೇಳಿ ಅರ್ಧ ತಾಸಾಗುವ ತನಕ ತಿರುಗಿ ಏರಬಾರದು. ಒಂಟಿ ಮರ, ಧ್ವಜದ ಕಂಬ, ಕಬ್ಬಿಣದ ಕಟಕಟೆ ಇವುಗಳ ಬಳಿ ನಿಲ್ಲಬಾರದು. ಎಲ್ಲರೂ ಒಂದೆಡೆ ಮುದ್ದೆಯಾಗಿ ಕೂಡಬಾರದು.

ಸಿಡಿಲಿಲ್ಲದ ಬರೀ ಮಳೆಯೂ ಅಲ್ಲಿ ಸಣ್ಣದಲ್ಲ. ರಾಜಗಡದ ಎತ್ತರ 1376 ಮೀಟರ್. ಪುಣೆಗಿಂತ ಸುಮಾರು 800 ಮೀಟರ್ ಮೇಲೆ. ಪ್ರತಿ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿಯಂತೆ ಲೆಕ್ಕ ಹಾಕಿದರೆ ಊರಿಗಿಂತ ಐದು ಡಿಗ್ರಿ ತಂಪು. ಅದಕ್ಕೆ ಗಾಳಿ ಸೇರಿ, ಬಟ್ಟೆ ತೊಯ್ದರೆ ಸಣ್ಣ ಮಕ್ಕಳು ಹಲ್ಲು ಕಡಿಯುತ್ತವೆ. ಕೋಟೆಯ ಕಲ್ಲು ಸಾಬೂನಿನಂತಾಗುತ್ತದೆ.

ಇಷ್ಟೆಲ್ಲ ಓದಿಕೊಂಡು ನಾವು ಒಂದು ಹಾಳೆಯ ಮೇಲೆ ಅಂದವಾಗಿ ವೇಳಾಪಟ್ಟಿ ಬರೆದೆವು. ನಸುಕಿನ 4-30ಕ್ಕೆ ಗಾಡಿ ಬಿಡುವುದು. 6-45ಕ್ಕೆ ಪಾಲಿ ಗ್ರಾಮದಿಂದ ಏರುವುದು. ಅಲ್ಲಿಯ ಹಳೆಯ ರಾಜಮಾರ್ಗದ ಮೆಟ್ಟಿಲು ಅಗಲವಾಗಿದ್ದು ವಯಸ್ಸಾದವರಿಗೆ ಅನುಕೂಲ. 9-30ಕ್ಕೆ ಪದ್ಮಾವತಿ ಮಾಚಿ, ಉಪಾಹಾರ. 10-30ಕ್ಕೆ ಸಂಜೀವನಿಯ ಬಾಯಿ, 11-15ಕ್ಕೆ ಅದರ ತುದಿ. ಎಲ್ಲಿಯೇ ಇರಲಿ, ಹನ್ನೊಂದೂವರೆಗೆ ಹಿಂದಕ್ಕೆ. ಈ ಕೊನೆಯ ಸಾಲಿನ ಕೆಳಗೆ ಕೆಂಪು ಶಾಯಿಯ ಗೆರೆ ಎಳೆದೆವು. ಶನಿವಾರ ರಾತ್ರಿ ಘಾಟಿಗೆ ಹಳದಿ ಇತ್ತು: ಮಧ್ಯಾಹ್ನದ ಮೇಲೆ ಅಲ್ಲಲ್ಲಿ ಗುಡುಗುಸಹಿತ ಮಳೆಯ ಸಾಧ್ಯತೆ. ಪಟ್ಟಿಯಂತೆ ನಡೆದರೆ ಅದರೊಡನೆ ನಮಗೆ ಭೇಟಿಯೇ ಆಗುತ್ತಿರಲಿಲ್ಲ.

ಗಾಡಿ ಹದಿನೇಳು ಆಸನದ ಟೆಂಪೊ ಟ್ರಾವೆಲರ್. ನಾವೂ ಹದಿನೇಳು ಜನ, ಅದರಲ್ಲಿ ನಾಲ್ಕು ಮಕ್ಕಳು. ಮಾಸ್ತರರು 4-15ಕ್ಕೇ ಬಂದು, ಕೊರಳಿಗೆ ಮಫ್ಲರು ಸುತ್ತಿ, ಕೋಲು ಹಿಡಿದು ಫುಟ್‌ಪಾತಿನ ಮೇಲೆ ನಿಂತಿದ್ದರು. ಧಾರವಾಡದ ಕಡೆಯವರ ಚಪಾತಿ, ಶೇಂಗಾ ಚಟ್ನಿ ಬಂದವು. ಮೈಸೂರು ಕಡೆಯವರ ಪುಳಿಯೋಗರೆ ಬರಲಿಲ್ಲ. ಪುಳಿಯೋಗರೆ ಬರಲಿಲ್ಲವೆಂದರೆ ಅದನ್ನು ತರುವ ಸಂಸಾರವೂ ಬರಲಿಲ್ಲ. ಫೋನ್ ಮಾಡಿದರೆ “ಇದೋ, ಹೊರಟ್ವಿ” ಎಂದರು. ಐದಕ್ಕೂ ಅದೇ ಉತ್ತರ, ಐದೂಕಾಲಿಗೂ ಅದೇ. ಡ್ರೈವರು ನಮ್ಮ ಮುಖ ನೋಡಿದ. ಮಾಸ್ತರರು ಗಡಿಯಾರ ನೋಡಿದರು. “ಅವರು ಹಿಂದಿನಿಂದ ಬರಲಿ, ನಾವು ಹೊರಡೋಣ” ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಗೆ ಹೇಳುವುದು? ಪರಊರಿನಲ್ಲಿ ಇರುವ ನಾಲ್ಕು ಮನೆ ನಮ್ಮವರು. ಗಣೇಶನ ಹಬ್ಬಕ್ಕೆ ಒಬ್ಬರ ಮನೆಗೊಬ್ಬರು ಹೋಗಿ ಬರುವವರು. ಸಂಕೋಚ ನಮ್ಮ ಬಾಯಿ ಕಟ್ಟಿತು. ಗಾಡಿ ಹೊರಟದ್ದು 5-40ಕ್ಕೆ. ಅವರ ತಪ್ಪೇನೂ ದೊಡ್ಡದಲ್ಲ. ಎಳೆಮಗು ರಾತ್ರಿಯಿಡೀ ಅತ್ತಿತ್ತು.

ಸಾತಾರಾ ರಸ್ತೆ ಹಿಡಿದಾಗ ಯಾರೋ, “ಹಿಂಗೇ ಸೀದಾ ಬಿಟ್ಟರ ಹುಬ್ಬಳ್ಳಿ,” ಎಂದರು. ಗಾಡಿಯೊಳಗೆ ಕ್ಷಣಕಾಲ ಎಲ್ಲರೂ ಸುಮ್ಮನಾದರು. ನಸರಾಪುರದ ಬಳಿ ನಮ್ಮ ಗಾಡಿ ಬಲಕ್ಕೆ ತಿರುಗಿತು, ಹುಬ್ಬಳ್ಳಿ ನೇರಕ್ಕೆ ಹೋಯಿತು. ಪಾಲಿಯಿಂದ ಏರಲು ಆರಂಭಿಸಿದಾಗ ಎಂಟಕ್ಕೆ ಹತ್ತು ನಿಮಿಷ. ಮಾಸ್ತರರು ನಿಧಾನವಾಗಿ, ಆದರೆ ಎಲ್ಲಿಯೂ ಕೂಡದೆ ಹತ್ತಿದರು. ಪಾಲಿ ದರವಾಜೆಯ ಕಲ್ಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಪದ್ಮಾವತಿ ಮಾಚಿಗೆ ಬಂದಾಗ 10-40. ತಿಂಡಿಯನ್ನು ಕಾಲು ಗಂಟೆಯಲ್ಲಿ ಮುಗಿಸಿ ಹೊರಟೆವು. ಸಂಜೀವನಿಯ ಬಾಯಿಗೆ ಬಂದು ನಿಂತಾಗ ನಮ್ಮ ಕೈಗಡಿಯಾರದಲ್ಲಿ 11-40.

ಮುಂದೆ ಆ ಬೆನ್ನು, ಹಂತ ಹಂತವಾಗಿ ಇಳಿಯುತ್ತ, ಬಿಸಿಲಿನಲ್ಲಿ ಮಲಗಿತ್ತು. ದೂರದಲ್ಲಿ ಭಾಟಘರದ ನೀರು ಹೊಳೆಯುತ್ತಿತ್ತು. ಪಶ್ಚಿಮಕ್ಕೆ, ತೋರಣೆಯ ಮೇಲೆ, ಒಂದು ಮೋಡ. ಅರಳೆಯ ಮೋಡವಲ್ಲ, ಹೂಕೋಸಿನ ಮೋಡ. ನಾವು ನೀರು ಕುಡಿದು ಮುಚ್ಚಳ ಹಾಕುವುದರೊಳಗೆ ಅದು ಇನ್ನೊಂದು ಗಡ್ಡೆ ಕಟ್ಟಿತು. ತಳ ಬೂದಿಯ ಬಣ್ಣ. ಗುಡುಗಿಲ್ಲ, ಗಾಳಿಯಿಲ್ಲ. ಫೋನಿನಲ್ಲಿ ಸಿಗ್ನಲ್ ಇಲ್ಲ.

ತುದಿಗೆ ಹೋಗಲು ಮುಕ್ಕಾಲು ಗಂಟೆ, ಬರಲು ಮುಕ್ಕಾಲು ಗಂಟೆ. ಅಂದರೆ ಒಂದೂಕಾಲರ ತನಕ ಹದಿನೇಳು ಜನ ಆ ಬಯಲಿನ ಮೇಲೆ. “ಹಿಂದಕ್ಕೆ ಹೋಗೋಣ,” ಎಂದೆವು.

ಒಮ್ಮೆಲೆ ಗಲಭೆಯೆದ್ದಿತು. “ಇಷ್ಟು ದೂರ ಬಂದು ಹೊಳ್ಳಿ ಹೋಗೂದೇನ್ರಿ?” “ಆ ನೋಡಿ, ಅವರೆಲ್ಲಾ ಹೋಗ್ತಿದಾರೆ!” ನಿಜವೇ, ಕಾಲೇಜಿನ ಹುಡುಗರ ಗುಂಪೊಂದು ಹಾಡುತ್ತ ನಮ್ಮನ್ನು ದಾಟಿ ಹೋಯಿತು. ನಮ್ಮವರಲ್ಲಿ ಇಬ್ಬರು ತರುಣರು, “ನಾವಷ್ಟೇ ಓಡಿ ಹೋಗಿ ಬರ್ತೀವಿ,” ಎಂದರು. ಗುಂಪು ಒಡೆದರೆ ಅವರಿಗಾಗಿ ಉಳಿದವರು ಅಲ್ಲಿಯೇ ಕಾಯಬೇಕಾಗುತ್ತದೆ, ಅದಕ್ಕೂ ಒಪ್ಪಲಿಲ್ಲ. ಮಾಸ್ತರರ ಕಡೆ ನೋಡುವ ಧೈರ್ಯ ನಮಗಿರಲಿಲ್ಲ. ಅವರು ಒಂದು ಕಲ್ಲಿನ ಮೇಲೆ ಕೂತು, ಕೋಲಿನ ಮೇಲೆ ಎರಡೂ ಕೈ ಇಟ್ಟು, ಆ ಬೆನ್ನನ್ನು ತುದಿಯ ತನಕ ಒಮ್ಮೆ ನೋಡಿದರು. ಮತ್ತೆ ಎದ್ದು ನಿಂತು, “ಗಂಟಿ ಬಾರಿಸಿದ ಮ್ಯಾಲೆ ಪಾಠ ಬೆಳಸಬಾರದು. ನಡೀರಿ,” ಎಂದರು. ಗಲಭೆ ನಿಂತಿತು.

ಈಗ ವಾಚಕರು, ಅರ್ಧ ದಾರಿ ಇಳಿಯುವುದರೊಳಗೆ ಸಿಡಿಲು ಹೊಡೆದು ನಮ್ಮ ಮಾತು ನಿಜವಾಯಿತೆಂದು ಎಣಿಸಿರಬಹುದು. ಹಾಗೆ ಆಗಲಿಲ್ಲ. ಒಂದು ಹನಿಯೂ ಬೀಳಲಿಲ್ಲ. ಎರಡೂಕಾಲಿಗೆ ಪಾಲಿಯಲ್ಲಿ ಊಟಕ್ಕೆ ಕೂತಾಗ ಆ ಮೋಡ ಕೊಂಕಣದ ಕಡೆಗೆ ಸರಿದು ಹೋಗಿತ್ತು. ಮೂರು ಗಂಟೆಗೆ ಚುರುಗುಟ್ಟುವ ಬಿಸಿಲು. ಆ ಕಾಲೇಜಿನ ಹುಡುಗರು ತುದಿಯ ತನಕ ಹೋಗಿ ಬಂದು, ನಮ್ಮ ಪಕ್ಕದಲ್ಲಿಯೇ ಮಜ್ಜಿಗೆ ಕುಡಿಯುತ್ತ ಫೋಟೋ ನೋಡುತ್ತಿದ್ದರು. “ನಿಮ್ಮ ಮೋಡ ಕ್ಯಾಜುವಲ್ ಲೀವ್ ಹಾಕಿ ಹೋಯಿತಲ್ಲ!” ಎಂದು ನಮ್ಮವರೊಬ್ಬರು ನಗೆಯಾಡಿದರು. ಪುಳಿಯೋಗರೆ ಬಹಳ ಚೆನ್ನಾಗಿತ್ತಂತೆ. ನಮಗೆ ರುಚಿ ಹತ್ತಲಿಲ್ಲ.

ಆ ರಾತ್ರಿ ನಿದ್ರೆ ಬರಲಿಲ್ಲ. ಒಬ್ಬ ಹಿರಿಯರ ಕಟ್ಟಕಡೆಯ ಆಸೆಗೆ ಒಂದು ಮೋಡ ತೋರಿಸಿ ಅಡ್ಡ ನಿಂತವರಾದೆವಲ್ಲ ಎಂಬ ಸಂಕಟ. ನಮ್ಮ ಮನೆಯವರು ದೀಪ ಆರಿಸುತ್ತ, “ಎಷ್ಟು ಮಂದಿ ಹೋಗಿದ್ದಿರಿ?” ಎಂದರು. ಹದಿನೇಳು ಎಂದೆವು. “ಎಷ್ಟು ಮಂದಿ ಬಂದಿರಿ?” ಹದಿನೇಳು. “ಲೆಕ್ಕ ಕೂಡ್ತಲ್ಲ, ಮಲಗ್ರಿ.” ಲೆಕ್ಕವೇನೋ ಕೂಡಿತು. ಆದರೂ ಮಗ್ಗಲು ಬದಲಿಸುತ್ತಲೇ ಇದ್ದೆವು.

ಅಂದಿನಿಂದ ಇದನ್ನು ಬಹಳ ಸಲ ತಿರುವಿ ಹಾಕಿದ್ದೇವೆ. ಹಿಂತಿರುಗಿದ್ದು ತಪ್ಪೆಂದು ಇಂದಿಗೂ ಅನಿಸಿಲ್ಲ. ಆ ಮೋಡ ನೂರು ಸಲ ಹಾಗೆ ಎದ್ದರೆ ಎಷ್ಟೋ ಸಲ ಸುಮ್ಮನೆ ಸರಿದು ಹೋದೀತು; ಹೋಗದ ಒಂದು ಸಲ ಸಾಕು. ಯಾವ ಸಲ ಎಂಬುದನ್ನು ಅದು ಮುಂಚಿತವಾಗಿ ತಿಳಿಸುವುದಿಲ್ಲ. ಮಳೆ ಬಾರದಿದ್ದ ಮಾತ್ರಕ್ಕೆ ಕೊಡೆ ಒಯ್ದವನು ದಡ್ಡನಾಗಲಾರ. ಲಾಟರಿ ಹತ್ತಿದ ಮಾತ್ರಕ್ಕೆ ಚೀಟಿ ಕೊಂಡವನು ಜಾಣನಾಗಲಾರ.

ನಮ್ಮ ತಪ್ಪು ಬೇರೆ ಕಡೆ ಇದೆ. ಗುಡ್ಡದ ಮೇಲೆ ಅದನ್ನು ಹುಡುಕಿದರೆ ಸಿಗುವುದಿಲ್ಲ. ಪುಣೆಯ ಫುಟ್‌ಪಾತಿನ ಮೇಲೆ, ನಸುಕಿನ ನಾಲ್ಕೂವರೆಯಿಂದ ಐದೂ ನಲವತ್ತರ ತನಕ ಆ ತಪ್ಪು ನಡೆಯಿತು. ಎಪ್ಪತ್ತು ನಿಮಿಷ! ಅಷ್ಟು ನಿಮಿಷ ಕೈಯಲ್ಲಿದ್ದರೆ ಮಾಸ್ತರರು ಹತ್ತೂವರೆಗೆ ಆ ಬಾಯಿಗೆ ಬಂದು, ಬಿಸಿಲಿನಲ್ಲಿ ತುದಿಯ ತನಕ ನಡೆದು, ಮೋಡ ಗಡ್ಡೆ ಕಟ್ಟುವ ಮೊದಲೇ ತಿರುಗುತ್ತಿದ್ದರು. ನಸುಕಿನಲ್ಲಿ ಒಂದು ಸಂಸಾರಕ್ಕೆ “ನೀವು ಹಿಂದಿನಿಂದ ಬನ್ನಿ” ಎನ್ನಲು ಸಂಕೋಚಪಟ್ಟ ನಾವು, ಮಧ್ಯಾಹ್ನ ಒಬ್ಬ ಮುದುಕರಿಗೆ “ನೀವು ಮುಂದೆ ಹೋಗಬೇಡಿ” ಎನ್ನಬೇಕಾಯಿತು. ಹವೆ ನಮ್ಮ ಕೈಯಲ್ಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಗಡಿಯಾರ ನಮ್ಮ ಕೈಯ ಮೇಲೆಯೇ ಇತ್ತಲ್ಲ!

ಮಾಸ್ತರರು ದೀಪಾವಳಿಗೆ ಎರಡು ದಿನ ಮೊದಲು ಹೊರಟರು. ನಿಲ್ದಾಣದಲ್ಲಿ ಸಾಮಾನು ಏರಿಸಿ ಕೊಟ್ಟೆವು. ರಾಜಗಡದ ಮಾತು ಅವರೂ ತೆಗೆಯಲಿಲ್ಲ, ನಾವೂ ತೆಗೆಯಲಿಲ್ಲ.

ಈಗ ಸದಸ್ಯರ ಗಮನಕ್ಕೆ: ಬರುವ ಜನವರಿಯ ಎರಡನೆಯ ರವಿವಾರ ಮತ್ತೆ ಅದೇ ರಾಜಗಡ, ಅದೇ ಸಂಜೀವನಿ. ಆ ತಿಂಗಳಲ್ಲಿ ಗುಡುಗಿನ ಕಾಟ ತೀರ ಕಡಿಮೆ. ಆದರೂ ಗಾಳಿ ಚಳಿಯಿರುತ್ತದೆ, ಮಕ್ಕಳಿಗೆ ಸ್ವೆಟರು ತರಬೇಕು. ತಲೆಗೆ ಎರಡು ಲೀಟರ್ ನೀರು. ಮುನ್ಸೂಚನೆ ನೋಡಿ ಶನಿವಾರ ರಾತ್ರಿ ಎಂಟಕ್ಕೆ ಎಲ್ಲರಿಗೂ ತಿಳಿಸುತ್ತೇವೆ. ಬೇಡವೆಂದರೆ ಬೇಡ, ವಾದವಿಲ್ಲ. ಹನ್ನೊಂದೂವರೆಯ ಕೆಂಪು ಗೆರೆ ಹಾಗೆಯೇ ಇದೆ. ಇನ್ನೊಂದು ಕೆಂಪು ಗೆರೆಯನ್ನು ಪಟ್ಟಿಯ ಮೊದಲ ಸಾಲಿನ ಕೆಳಗೂ ಎಳೆದಿದ್ದೇವೆ. ಗಾಡಿ 4-30ಕ್ಕೆ ಬಿಡುತ್ತದೆ. ಪುಳಿಯೋಗರೆ ಬಂದಿರಲಿ, ಬಾರದಿರಲಿ.

ಈ ಸಂಗತಿಯನ್ನು ಮಾಸ್ತರರಿಗೂ ಬರೆದು, ಮೊಣಕಾಲು ಇನ್ನೊಮ್ಮೆ ಹೂಂ ಅಂದೀತೇ ಎಂದು ಕೇಳಿದ್ದೆವು. ಮೊನ್ನೆ ಗದಗಿನಿಂದ ಕಾರ್ಡು ಬಂದಿದೆ. ಮೊಣಕಾಲಿನ ವಿಷಯ ಒಂದಕ್ಷರವೂ ಇಲ್ಲ. ಕ್ಷೇಮಸಮಾಚಾರದ ಕೆಳಗೆ ಒಂದೇ ಸಾಲು: “ಗಾಡಿ ಬರೋಬ್ಬರಿ ಎಷ್ಟಕ್ಕೆ ಬಿಟ್ಟಿತು ಎಂಬುದನ್ನು ಹೋಗಿ ಬಂದ ಮೇಲೆ ಮೊದಲು ತಿಳಿಸತಕ್ಕದ್ದು.”